ಕುರ್ಚಿ ಬಂತು

ಮೂವತ್ತು ಮಡಚುವ ಕುರ್ಚಿಗಳನ್ನು ಲಿಫ್ಟಿಲ್ಲದ ಮೂರನೇ ಮಹಡಿಯಿಂದ ಇಳಿಸಬೇಕಾದರೆ, ಕೈಗೆರಡರಂತೆ ನಾಲ್ಕು ಹಿಡಿದರೂ ಎಂಟು ಸಲ ಹತ್ತಿ ಇಳಿಯಬೇಕು. ಪಾರ್ಟಿ ನಡೆಯುವ ಮನೆಯಲ್ಲಿ ಮತ್ತೆ ಎಂಟು ಸಲ. ಎಲ್ಲರೂ ಉಂಡು ಕೈ ಒರೆಸಿಕೊಂಡು ಹೊರಟ ಮೇಲೆ ಇದೇ ಕಥೆ ತಿರುವುಮುರುವು. ಹದಿನಾರು ವರ್ಷ ಈ ಕೆಲಸ ಮಾಡಿದ ಮನುಷ್ಯನಿಗೆ ಅವನ ಗೆಳೆಯರು ಇಟ್ಟ ಹೆಸರು ‘ಕುರ್ಚಿ’. ಹೆತ್ತವರು ಇಟ್ಟ ಹೆಸರನ್ನು ಬಿಟ್ಟು ಹೊತ್ತ ಸಾಮಾನಿನ ಹೆಸರು ಹಿಡಿದು ಕರೆಯುವ ಚಾಳಿ ನಮಗೆ ಬೇಡ. ನಾವು ಅವನನ್ನು ವ್ಯಾನಣ್ಣ ಎನ್ನೋಣ.

ವ್ಯಾನಣ್ಣ ಪರದೇಶಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಒಂದು ಲಾಂಡ್ರಿಗೆ ತನ್ನದೇ ಹಳೇ ವ್ಯಾನ್ ಓಡಿಸುತ್ತಿದ್ದ. ಬೆಳಿಗ್ಗೆ ಒಗೆದ ಚಾದರಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವುದು, ಮಧ್ಯಾಹ್ನ ಮೇಜಿನ ಬಟ್ಟೆಗಳನ್ನು ಹೋಟೆಲುಗಳಿಗೆ ಹಾಕುವುದು, ಬರುವಾಗ ಕೊಳೆಯಾದದ್ದನ್ನು ತುಂಬಿಕೊಂಡು ಬರುವುದು. ಹೆಂಡತಿ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ.

ಒಮ್ಮೆ ಮುಚ್ಚಿಹೋದ ಶಾಲೆಯೊಂದರಿಂದ ಪರದೆಗಳನ್ನು ತರಲು ಹೋದಾಗ, ಕಸಕ್ಕೆಂದು ಹೊರಗಿಟ್ಟಿದ್ದ ಮೂವತ್ತು ಕಬ್ಬಿಣದ ಕುರ್ಚಿಗಳು ಅವನ ಕಣ್ಣಿಗೆ ಬಿದ್ದವು. ಕೇಳಿ ತಂದುಕೊಂಡ. ಸೀಟಿನ ತಳಕ್ಕೆ ಅಂಟಿದ್ದ ಚೂಯಿಂಗ್ ಗಮ್ ಕೆರೆದು, ತುಕ್ಕು ಉಜ್ಜಿ, ಬಣ್ಣ ಬಳಿದು, ಬೆನ್ನಿಗೆ ನಂಬರ್ ಬರೆದು, ಕಾಲುಗಳಿಗೆ ಹೊಸ ರಬ್ಬರ್ ತೊಡಿಸಿದ. ಇಡಲು ಜಾಗವಿದ್ದದ್ದು ಮೂರನೇ ಮಹಡಿಯ ಅವರ ಮನೆಯ ಮಲಗುವ ಕೋಣೆಯಲ್ಲಿ ಮಾತ್ರ.

“ಮದುವೆಯಾಗಿ ಬಂದಾಗ ಮನೆ ತುಂಬಾ ಜನ ಇಲ್ಲ ಅಂತ ಖುಷಿಪಟ್ಟಿದ್ದೆ,” ಎಂದಳು ಹೆಂಡತಿ. “ಈಗ ನೋಡಿ, ತಲೆದೆಸೆಯಲ್ಲೇ ಮೂವತ್ತು ಜನ ನಿಂತಿದ್ದಾರೆ.”

ಊರಿನ ಕಡೆಯಿಂದ ಬಂದು ಆ ಪಟ್ಟಣದಲ್ಲಿ ನೆಲೆಸಿದ ಕೆಲವು ಸಂಸಾರಗಳದ್ದೊಂದು ಬಳಗವಿತ್ತು. ವ್ಯಾನಣ್ಣ ದಂಪತಿಯೂ ಸೇರಿ ಒಟ್ಟು ಮೂವತ್ತೊಂದು ತಲೆ. ಬಳಗದ ಯಜಮಾನಿಕೆ ಹಲ್ಲಿನ ಡಾಕ್ಟರದ್ದು. ಯಾರ ಮಗುವಿನ ಹುಟ್ಟುಹಬ್ಬ, ಯಾರಿಗೆ ಇಲ್ಲಿನ ಪೌರತ್ವ ಸಿಕ್ಕಿತು, ಯಾರು ಮನೆ ತೆಗೆದುಕೊಂಡರು, ಯಾವುದನ್ನು ಎಲ್ಲಿ ಆಚರಿಸಬೇಕು, ಎಲ್ಲವನ್ನೂ ನಿಶ್ಚಯಿಸುವುದು ಡಾಕ್ಟರ್. ವ್ಯಾನಣ್ಣನಿಗಿಂತ ಆರು ವರ್ಷ ಚಿಕ್ಕವನು. ಆದರೂ ಅವನನ್ನು ‘ನೀನು’ ಎನ್ನುತ್ತಿದ್ದ. ವ್ಯಾನಣ್ಣ ತಿರುಗಿ ‘ನೀವು’ ಎನ್ನುತ್ತಿದ್ದ. ಪ್ರತಿ ಸಲವೂ ಫೋನ್ ಬರುತ್ತಿತ್ತು:

“ಶನಿವಾರ ನಾಲ್ಕಕ್ಕೆಲ್ಲ ಬಂದ್ಬಿಡಪ್ಪಾ. ಕುರ್ಚಿ ಮರೀಬೇಡ.”

ಉಳಿದವರಿಗೆ ಆರು ಗಂಟೆ. ಬೇಗ ಕರೆದರೆಂದರೆ ನಮ್ಮವನೆಂದು ಕರೆದರು ಎಂದೇ ವ್ಯಾನಣ್ಣ ತಿಳಿದಿದ್ದ. ಅವನನ್ನು ಪೆದ್ದ ಎನ್ನಬೇಡಿ. ಈ ದೇಶಕ್ಕೆ ಬಂದ ಮೊದಲ ಆರು ವರ್ಷ ಅವನ ಮನೆಯ ಕರೆಗಂಟೆ ಒತ್ತಿದವರು ಮೀಟರ್ ನೋಡುವವರು ಮಾತ್ರ. ಅಂಥವನು ಯಾರದೋ ಬಾಗಿಲು ತಟ್ಟಿದಾಗ ಒಳಗಿನಿಂದ ಮಕ್ಕಳು ಮರಿಯೆಲ್ಲ “ಕುರ್ಚಿ ಬಂತು! ಕುರ್ಚಿ ಬಂತು!” ಎಂದು ಕೂಗುತ್ತ ಓಡಿಬಂದರೆ ಎದೆ ತುಂಬದೆ ಇರುತ್ತದೆಯೇ? ಹಿಗ್ಗಿ ಹೋಗುತ್ತಿದ್ದ. ಆ ಹಿಗ್ಗಿನಲ್ಲೇ ಮನೆಯವರ ಸೋಫಾವನ್ನು ಒಳಕೋಣೆಗೆ ನೂಕಿ, ಕುರ್ಚಿಗಳನ್ನು ಸಾಲಾಗಿ ಬಿಡಿಸುತ್ತಿದ್ದ. ಬೆರಳು ಸಿಕ್ಕಿಸುವ ಹನ್ನೊಂದನೆಯ ಕುರ್ಚಿಯನ್ನು ಮಕ್ಕಳ ಕೈಗೆ ಸಿಗದಂತೆ ಮೂಲೆಗೆ ಹಾಕುತ್ತಿದ್ದ.

ಮೂವತ್ತು ಕುರ್ಚಿ, ಮೂವತ್ತೊಂದು ಜನ. ಒಬ್ಬರು ನಿಲ್ಲಲೇಬೇಕು. ಯಾರು ನಿಂತರು ಎಂದು ಹೇಳಬೇಕಾಗಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಉಣ್ಣುವುದು ಅವನಿಗೆ ರೂಢಿಯಾಗಿಹೋಯಿತು. ಹದಿನಾರು ವರ್ಷದಲ್ಲಿ ಒಬ್ಬರಾದರೂ “ಇಲ್ಲಿ ಕೂತ್ಕೊಳ್ಳಿ” ಎನ್ನಲಿಲ್ಲ. ಅವನಿಗೂ ಅದು ತೋಚಿರಲಿಲ್ಲ. ಹೆಂಡತಿಗೆ ತೋಚಿತ್ತು. ಅವಳು ಬಾಯಿ ಬಿಡಲಿಲ್ಲ ಅಷ್ಟೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಲಾಂಡ್ರಿಯ ಮೇಲ್ವಿಚಾರಕ ಅವನ ಕೈಗೆ ಒಂದು ಚೀಟಿ ಕೊಟ್ಟ. ದೊಡ್ಡ ಹೋಟೆಲೊಂದರ ಹಾಲ್‌ಗೆ ಬಿಳಿ ಮೇಜಿನ ಬಟ್ಟೆ ಆರು, ಕುರ್ಚಿ ಹೊದಿಕೆ ಮೂವತ್ತು. ಹೊದಿಕೆಗಳನ್ನು ಇಸ್ತ್ರಿ ಮಾಡಿ ಮಡಚಿದ್ದು ಅವನ ಹೆಂಡತಿಯೇ. ವ್ಯಾನಣ್ಣ ಗಂಟು ಹೊತ್ತು ಹಾಲ್‌ನ ಹಿಂಬಾಗಿಲಿನಿಂದ ಒಳಗೆ ಹೋದ. ಎದುರಿಗೇ ಆಳೆತ್ತರದ ಫೋಟೊ: ಹಲ್ಲಿನ ಡಾಕ್ಟರ್ ಮತ್ತು ಅವನ ಹೆಂಡತಿ, ಮದುವೆಯ ಇಪ್ಪತ್ತೈದನೇ ವರ್ಷ. ಹೂವು, ಬಲೂನು, ಮೆತ್ತನೆಯ ಸೀಟಿನ ಹೋಟೆಲ್ ಕುರ್ಚಿಗಳು. ಮೇಜಿನ ಮೇಲೆ ಒಬ್ಬೊಬ್ಬರ ಹೆಸರೂ ಬರೆದಿಟ್ಟ ಚೀಟಿಗಳು. ಎಲ್ಲವನ್ನೂ ಓದಿದ. ತನ್ನದು ಇರಲಿಲ್ಲ. ಹೆಂಡತಿಯದೂ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರ ಹೆಂಡತಿ ಹೂದಾನಿ ಹಿಡಿದು ಬಂದಳು. ಅವನನ್ನು ಕಂಡು ಒಂದು ಕ್ಷಣ ತಡವರಿಸಿದಳು. ಆಮೇಲೆ ನಕ್ಕಳು. ಕೆಟ್ಟ ಹೆಂಗಸಲ್ಲ, ಬಾಯಿಗೆ ಬಂದ ನಿಜವನ್ನೇ ಹೇಳಿಬಿಟ್ಟಳು.

“ಅಯ್ಯೋ ನೀವಾ! ಇಲ್ಲಿ ಕುರ್ಚಿ ಅವರದ್ದೇ ಇದಾವಲ್ಲಾ, ಸುಮ್ನೆ ನಿಮಗ್ಯಾಕೆ ತೊಂದ್ರೆ ಅಂತ…”

ವ್ಯಾನಣ್ಣ ಗಂಟು ಇಳಿಸಿದ, ಎಣಿಸಿ ತೋರಿಸಿದ, ರಸೀದಿಗೆ ಅವಳ ಸಹಿ ಹಾಕಿಸಿಕೊಂಡ. ವ್ಯಾನಿಗೆ ಬಂದು ಕೂತು, ಆ ರಸೀದಿಯನ್ನು ಮತ್ತೊಮ್ಮೆ ಓದಿದ: ಕುರ್ಚಿ ಹೊದಿಕೆ ಮೂವತ್ತು. ಅವಮಾನವೆಂದರೆ ಇದು. ಬೈದಿದ್ದರೆ ಮರೆಯಬಹುದಿತ್ತು, ಜಗಳವಾಡಿದ್ದರೆ ರಾಜಿಯಾಗಬಹುದಿತ್ತು. ಕುರ್ಚಿ ಇರುವಲ್ಲಿ ನೀನೇಕೆ ಎಂದು ನಗುನಗುತ್ತ ಕೇಳಿದವರಿಗೆ ಏನು ಹೇಳುವುದು?

ಮನೆಗೆ ಬಂದು ಹೆಂಡತಿಗೆ ಹೇಳಿದ.

“ಆ ಹೊದಿಕೆಗಳಿಗೆ ಎರಡೆರಡು ಸಲ ಇಸ್ತ್ರಿ ಹಾಕಿದ್ದೆ ಕಣ್ರೀ,” ಎಂದಳು. “ಯಾರದೋ ಶುಭಕಾರ್ಯ, ಸುಕ್ಕಿರಬಾರದು ಅಂತ.”

ಆ ಮಾತು ಕೇಳಿದ ವ್ಯಾನಣ್ಣ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದು ಆ ಕ್ಷಣವೇ ನಿಶ್ಚಯಿಸಿದ. ಹೇಗೆ ಎಂಬುದು ಹೊಳೆಯಲು ಮಾತ್ರ ಐದು ತಿಂಗಳು ಹಿಡಿಯಿತು. ಅಷ್ಟು ದಿನ ಯಾರ ಮನೆಯಿಂದ ಫೋನ್ ಬಂದರೂ ವ್ಯಾನ್ ರಿಪೇರಿಗೆ ಹೋಗಿದೆ ಎಂದ. “ಛೇ, ಹೌದಾ?” ಎಂದು ಫೋನ್ ಇಟ್ಟರು. ವ್ಯಾನ್ ಇಲ್ಲದಿದ್ದರೆ ಬಸ್ಸಿನಲ್ಲಾದರೂ ಬಾ ಎಂದು ಒಬ್ಬನೂ ಹೇಳಲಿಲ್ಲ. ಆ ‘ಛೇ’ಗಳನ್ನೆಲ್ಲ ಅವನು ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡ.

ಚಳಿಗಾಲದಲ್ಲಿ ಅವನಿಗೆ ಅರವತ್ತು ತುಂಬುವುದಿತ್ತು. ತಾನೇ ಒಬ್ಬೊಬ್ಬರಿಗೂ ಫೋನ್ ಮಾಡಿದ. “ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮನೇಲಿ ಊಟ. ಎಲ್ರೂ ಬರ್ಬೇಕು.” ಹದಿನಾರು ವರ್ಷದಲ್ಲಿ ಅವನ ಮನೆಯಿಂದ ಬಂದ ಮೊದಲ ಕರೆ, ಬರುವುದಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅವರಲ್ಲಿ ಮುದುಕರು, ಬಸುರಿಯರು, ಎತ್ತಿಕೊಳ್ಳುವ ಮಕ್ಕಳು ಯಾರೂ ಇಲ್ಲವೆಂದು ಮೊದಲೇ ನೋಡಿಕೊಂಡಿದ್ದ. ಅವನ ಸಿಟ್ಟು ಅಂಥವರ ಮೇಲಿರಲಿಲ್ಲ.

ಶನಿವಾರ ಮನೆ ಖಾಲಿ ಮಾಡಿದ. ಸೋಫಾ ಕೆಳಮನೆಯ ಪರಿಚಯದವರಲ್ಲಿಗೆ ಹೋಯಿತು. ಅಡುಗೆಮನೆಯ ಸ್ಟೂಲು ಅಟ್ಟಕ್ಕೆ, ನೆಲದ ಜಮಖಾನ ಲಾಂಡ್ರಿಗೆ. ಮಂಚದ ಕೋಣೆಗೆ ಬೀಗ ಹಾಕಿದ. ಮೂವತ್ತು ಕುರ್ಚಿಗಳನ್ನೂ ಇಳಿಸಿ ವ್ಯಾನಿಗೆ ತುಂಬಿ, ವ್ಯಾನನ್ನು ತಮ್ಮ ಮನೆಯ ಹಾಲ್‌ನ ಕಿಟಕಿಯಿಂದ ನೇರ ಕಾಣುವ ಹಾಗೆ ರಸ್ತೆಯಲ್ಲಿ ನಿಲ್ಲಿಸಿದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

“ಜನಾನ ಕೂರಿಸೋಕೆ ಹೊತ್ತಿದ್ದು ಸಾಲ್ದೂಂತ, ಈಗ ನಿಲ್ಲಿಸೋಕೂ ಹೊರ್ತಿದೀರಲ್ಲಾ!”

“ಇದೇ ಕೊನೇದು,” ಎಂದ ವ್ಯಾನಣ್ಣ, ಬೆವರು ಒರೆಸಿಕೊಳ್ಳುತ್ತ.

“ನಿಮ್ಮ ಮುಖ ನೋಡಿದ್ರೆ ಭಯ ಆಗುತ್ತೆ ಕಣ್ರೀ. ಹೋಗ್ಲಿ ಬಿಡಿ, ಕರೆದು ಊಟ ಹಾಕಿ ಕಳಿಸೋಣ.”

“ಹೊಟ್ಟೆ ತುಂಬಾ ಹಾಕೋಣ. ನಿಲ್ಲಿಸಿ ಹಾಕೋಣ.”

ಮಾರನೇ ದಿನ ಬೆಳಿಗ್ಗೆ ಅವಳು ಎದ್ದು, ಮೂವತ್ತು ಜನಕ್ಕೆ ಸಾಕಾಗುವ ಪಾತ್ರೆ ಬದಿಗಿಟ್ಟು, ಐವತ್ತು ಜನದ ಪಾತ್ರೆಯಲ್ಲಿ ಅಡುಗೆ ಮಾಡಿದಳು. ಅವಳದೂ ಒಂದು ಸಿಟ್ಟಿತ್ತು.

ಹನ್ನೆರಡಕ್ಕೆ ಬಳಗ ಬಂತು. ರೇಷ್ಮೆ ಸೀರೆ, ಬಿಗಿ ಸೂಟು, ಕೈಯಲ್ಲಿ ಉಡುಗೊರೆ ಪೊಟ್ಟಣ. ಒಳಗೆ ಕಾಲಿಟ್ಟವರು ಬೋಳು ಗೋಡೆಗಳನ್ನು ಕಂಡು ಅತ್ತಿತ್ತ ಕಣ್ಣಾಡಿಸಿದರು. ಕುರ್ಚಿ ಇನ್ನೇನು ಬರುತ್ತದೆ ಎಂದು ಕೋಟು ಮಡಚಿ ಕೈಮೇಲೆ ಹಾಕಿಕೊಂಡು ನಿಂತರು. ಕಾಲು ಗಂಟೆ, ಅರ್ಧ ಗಂಟೆ. ಮಾತು ಹವಾಮಾನದಿಂದ ಹೊರಟು ಮಕ್ಕಳ ಓದಿಗೆ ಬಂದು ಅಲ್ಲೇ ಒಣಗಿತು. ಒಬ್ಬರು ಧೈರ್ಯ ಮಾಡಿ ಬರೀ ಟೈಲ್ಸಿನ ಮೇಲೆ ಕೂತರು. ಥಂಡಿಗೆ ಹೌಹಾರಿ ಏಳಲು ಹೋದರೆ ಮಂಡಿ ಕೈಕೊಟ್ಟು, ಎತ್ತಲು ಇಬ್ಬರು ಬೇಕಾದರು. ಆಮೇಲೆ ಬೇರೆ ಯಾರೂ ಆ ಸಾಹಸಕ್ಕೆ ಇಳಿಯಲಿಲ್ಲ.

ಊಟ ಬಡಿಸಿದಾಗ ಫಜೀತಿ ಇನ್ನೂ ಹೆಚ್ಚಿತು. ಒಂದು ಕೈಯಲ್ಲಿ ಬಿಸಿ ತಟ್ಟೆ, ಇನ್ನೊಂದರಲ್ಲಿ ನೀರಿನ ಲೋಟ, ತಿನ್ನಲು ಮೂರನೆಯ ಕೈ ದೇವರು ಕೊಟ್ಟಿಲ್ಲ. ಹಿಮ್ಮಡಿ ಎತ್ತರದ ಚಪ್ಪಲಿಯವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಇಬ್ಬರು ಕಿಟಕಿಯ ಹತ್ತಿರ ಹೋಗಿ ಕೆಳಗಿನ ವ್ಯಾನ್ ನೋಡಿ ಏನೋ ಪಿಸುಗುಟ್ಟಿದರು. ವ್ಯಾನಣ್ಣ ಎಲ್ಲರ ತಟ್ಟೆಗೂ ಇನ್ನಷ್ಟು, ಇನ್ನಷ್ಟು ಎಂದು ಸುರಿಯುತ್ತಿದ್ದ. ಅಷ್ಟು ಸಂತೋಷದಿಂದ ಅವನು ಜನ್ಮದಲ್ಲಿ ಯಾರಿಗೂ ಬಡಿಸಿರಲಿಲ್ಲ.

ಕೊನೆಗೆ ತಾಳ್ಮೆಗೆಟ್ಟವನು ಡಾಕ್ಟರ್. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನಗು ಬರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಕೂಗಿದ:

“ಏನಪ್ಪಾ ಕುರ್ಚಿ! ಎಲ್ಲಯ್ಯಾ ಕುರ್ಚಿ?”

ಐದು ತಿಂಗಳಿಂದ ವ್ಯಾನಣ್ಣ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ಕೈಯ ಸೌಟನ್ನು ಪಾತ್ರೆಯೊಳಗೆ ಇಟ್ಟ.

“ಇವತ್ತು ಕುರ್ಚಿ ಬಂದಿಲ್ಲ ಡಾಕ್ಟ್ರೇ. ಇವತ್ತು ನಾನು ಬಂದಿದೀನಿ.”

ಯಾರೋ ನಗಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. ವ್ಯಾನಣ್ಣ ಡಾಕ್ಟರ ಹೆಂಡತಿಯ ಕಡೆ ತಿರುಗಿದ.

“ನಿಮ್ಮ ಇಪ್ಪತ್ತೈದನೇ ವರ್ಷದ ದಿನ ಹಾಲ್‌ನಲ್ಲಿ ಕುರ್ಚಿ ಇದ್ವು, ನಾನು ಬೇಕಾಗ್ಲಿಲ್ಲ. ಇವತ್ತು ನಾನಿದೀನಿ, ಕುರ್ಚಿ ಬೇಕಾ ಅಂತ ನೋಡೋಣ ಅನ್ನಿಸ್ತು. ಒಂದು ಗಂಟೆ ನಿಂತ್ರಿ. ನಾನು ಹದಿನಾರು ವರ್ಷ ನಿಂತಿದ್ದೆ.”

ಹೆಂಗಸಿನ ಮುಖ ಕಂದಿತು. ತಾನಾಡಿದ ಮಾತು ನೆನಪಾಗಿ ತಟ್ಟೆಯ ಮೇಲಿನ ಕೈ ಅಲ್ಲೇ ನಿಂತಿತು. ಡಾಕ್ಟರ್ ಏನೋ ಹೇಳಲು ಬಾಯಿ ತೆರೆದ. ಅವನ ಮಾತನ್ನು ತಡೆದವಳು ಅವಳೇ.

“ಸಾಕು ಸುಮ್ನಿರಿ. ಹೋಗಿ ತನ್ನಿ.”

ವ್ಯಾನಣ್ಣ ಜೇಬಿನಿಂದ ವ್ಯಾನಿನ ಬೀಗದ ಕೈ ತೆಗೆದು ಡಾಕ್ಟರ ಅಂಗೈಯಲ್ಲಿಟ್ಟ. “ಮೂವತ್ತಿವೆ. ಕೈಗೆರಡು ಹಿಡೀಬೋದು. ಹನ್ನೊಂದನೇದು ಬೆರಳು ಸಿಕ್ಕಿಸುತ್ತೆ, ಜೋಪಾನ.”

ಇಬ್ಬರು ಗಂಡಸರು ತಾವೂ ಹೊರಟರು. ವ್ಯಾನಣ್ಣನ ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು. “ಒಬ್ರೇ ಸಾಕು. ಇಷ್ಟು ವರ್ಷ ಒಬ್ರೇ ಮಾಡಿದ ಕೆಲಸ. ಯಾರೂ ಕೈಹಾಕಿರ್ಲಿಲ್ಲ.” ಗಂಡನೇ ಬೆಚ್ಚಿ ಅವಳತ್ತ ನೋಡಿದ.

ಡಾಕ್ಟರ್ ಮೊದಲ ಸಲ ನಾಲ್ಕು ತಂದ. ಎರಡನೇ ಸಲವೂ ನಾಲ್ಕು. ಮೂರನೇ ಸಲ ಮೂರಕ್ಕೆ ಇಳಿದ, ಆಮೇಲೆ ಎರಡಕ್ಕೆ. ಸೂಟಿನ ಕೋಟು ಕಳಚಿ ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ಟೈ ಭುಜದ ಹಿಂದೆ ಹೋಯಿತು. ಮೆಟ್ಟಿಲಲ್ಲಿ ಕಬ್ಬಿಣ ಗೋಡೆಗೆ ತಾಗುವ ಠಣ್ ಸದ್ದು, ನಡುವೆ ಏದುಸಿರು. ಆರನೇ ಸರದಿಯಲ್ಲಿ “ಅಮ್ಮಾ!” ಎಂಬ ಕೂಗು ಕೇಳಿತು. ಹನ್ನೊಂದನೆಯದು ತನ್ನ ಕೆಲಸ ಮಾಡಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಡಾಕ್ಟರ್ ಮೇಲೆ ಬಂದ.

ಮೊದಲು ಬಿಡಿಸಿದ ಕುರ್ಚಿಯ ಮೇಲೆ ವ್ಯಾನಣ್ಣ ಹೆಂಡತಿಯನ್ನು ಕೂರಿಸಿದ. ಎರಡನೆಯದರ ಮೇಲೆ ತಾನು ಕೂತು, ಕಾಲ ಮೇಲೆ ಕಾಲು ಹಾಕಿಕೊಂಡ. ಕುರ್ಚಿ ಬಂದ ಹಾಗೆಲ್ಲ ಜನ ಒಬ್ಬೊಬ್ಬರಾಗಿ ಕೂತರು. ಕೂತ ಮೇಲೆ ಅವನಿಗೊಂದು ವಿಷಯ ತಿಳಿಯಿತು. ಯಾವ ಕುರ್ಚಿಯ ತಿರುಪು ಸಡಿಲ, ಯಾವುದರ ರಬ್ಬರ್ ಸವೆದಿದೆ ಎಲ್ಲ ಗೊತ್ತಿತ್ತು. ಸೀಟು ಇಷ್ಟು ಗಟ್ಟಿ ಎಂಬುದು ಮಾತ್ರ ಗೊತ್ತಿರಲಿಲ್ಲ. ಹದಿನಾರು ವರ್ಷದಲ್ಲಿ ಅವನು ಅವುಗಳ ಮೇಲೆ ಕೂತದ್ದೇ ಇದು ಮೊದಲು. ಆ ಯೋಚನೆ ಬಂದದ್ದೇ ಉಳಿದಿದ್ದ ಅಷ್ಟಿಷ್ಟು ಮರುಕವೂ ಆರಿಹೋಯಿತು.

ಮೂವತ್ತನೆಯ ಕುರ್ಚಿಯ ಮೇಲೆ ಡಾಕ್ಟರ ಹೆಂಡತಿ ಕೂತಳು. ಡಾಕ್ಟರ್ ಬೆವರು ಒರೆಸಿಕೊಂಡು ಸುತ್ತ ನೋಡಿದ. ಕುರ್ಚಿ ಇರಲಿಲ್ಲ. ಮತ್ತೊಮ್ಮೆ ನೋಡಿದ. ಅವಳು ಏಳಲು ಹೋದಳು.

“ನೀವು ಕೂತ್ಕೊಳ್ಳಿ,” ಎಂದ ವ್ಯಾನಣ್ಣ. “ನಮ್ಮ ಬಳಗದಲ್ಲಿ ಯಾವಾಗ್ಲೂ ಒಬ್ರಿಗೆ ಕಮ್ಮಿ. ಬಾಗಿಲ ಹತ್ರ ಜಾಗ ಇದೆ.”

ಡಾಕ್ಟರ್ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತ. ಅವನ ತಟ್ಟೆಯ ಊಟ ತಣ್ಣಗಾಗಿತ್ತು. ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ಊದಿದ ಬೆರಳನ್ನು ಎತ್ತಿಕೊಂಡು, ನಾಲ್ಕು ತುತ್ತು ತಿಂದ. ಕೇಕ್ ಕತ್ತರಿಸಿದರು. ಯಾರೋ ಬಾರದ ಸ್ವರದಲ್ಲಿ ಶುಭಾಶಯ ಹಾಡಿದರು. ಮೂರು ಗಂಟೆಯ ಹೊತ್ತಿಗೆ ಎಲ್ಲರೂ ಏಳತೊಡಗಿದರು. ಹೋಗುವ ಮುಂಚೆ ತಮ್ಮ ಕುರ್ಚಿಯನ್ನು ತಾವೇ ಮಡಚಿ ಗೋಡೆಗೆ ಒರಗಿಸಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ವ್ಯಾನಣ್ಣನ ಹೆಂಡತಿಯೂ ಎದ್ದು ತನ್ನದನ್ನು ಒರಗಿಸಿದಳು. ವ್ಯಾನಣ್ಣ ಕೂತಲ್ಲಿಂದಲೇ ಕೈಮುಗಿದು ಬೀಳ್ಕೊಟ್ಟ.

ಕೊನೆಗೆ ಉಳಿದವರು ಡಾಕ್ಟರ್ ದಂಪತಿ. ಡಾಕ್ಟರ್ ಗೋಡೆಗೆ ಒರಗಿದ್ದ ಕುರ್ಚಿಗಳನ್ನು ತಾನಾಗಿಯೇ ಎಣಿಸಿದ. ಇಪ್ಪತ್ತೊಂಬತ್ತು. ಉಳಿದ ಒಂದಕ್ಕಾಗಿ ವ್ಯಾನಣ್ಣನ ಮುಂದೆ ಬಂದು ನಿಂತು, ಮೊದಲ ಸಲ ಬಹುವಚನದಲ್ಲಿ, ಮೆಲ್ಲಗೆ ಕೇಳಿದ:

“ನೀವು… ಇದನ್ನೂ ಕೊಟ್ರೆ, ಮಡಚಿ ಇಟ್ಬಿಡ್ತೀನಿ.”

ವ್ಯಾನಣ್ಣ ಅಲುಗಾಡಲಿಲ್ಲ.

“ಇದು ಇರ್ಲಿ ಡಾಕ್ಟ್ರೇ. ಇದ್ರ ಮೇಲೆ ಮನುಷ್ಯ ಕೂತಿದಾನೆ.”