ಎಲ್ಲರೂ ಒಂದೇ ಕಡೆ ಕೂರಬಾರದು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಗೋಡೆ ಇರಲಿಲ್ಲ, ಗೇಟು ಇರಲಿಲ್ಲ, ಮುಂದೊಂದು ಬೀದಿಯೂ ಇರಲಿಲ್ಲ. ನಮ್ಮ ಮನೆ ಒಂದು ದೋಣಿ. ನಗಬೇಡಿ ಮಕ್ಕಳೇ, ಕಥೆ ಕಟ್ಟುತ್ತಿಲ್ಲ. ಭದ್ರೆಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ನಮ್ಮ ಊರು ಮುಳುಗಿತು. ಊರವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಅಪ್ಪ ಮಾತ್ರ, "ಮನೆ ನುಂಗಿದ ನೀರೇ ಮನೆಗೆ ಜಾಗ ಕೊಡ್ಲಿ" ಎಂದು ಹಟ ಹಿಡಿದ. ಉದ್ದನೆಯ ಮರದ ದೋಣಿ ಮಾಡಿಸಿ, ಅರ್ಧಕ್ಕೆ ಬಿದಿರಿನ ತಟ್ಟಿ ಹೊದಿಸಿ, ನಡುವೆ ಕಂಬ ನಿಲ್ಲಿಸಿ ಹಾಯಿ ಕಟ್ಟಿದ. ಹಿನ್ನೀರಿನ ಆಚೆ ದಡದ ಹಳ್ಳಿಗಳಿಗೆ ಉಪ್ಪು, ಸೀಮೆಎಣ್ಣೆ, ಅಕ್ಕಿಮೂಟೆ ಸಾಗಿಸುವುದು ಅವನ ಕೆಲಸ. ಅಪ್ಪ, ಅಮ್ಮ, ಅಕ್ಕ, ನಾನು, ಕಾಲಿಗೆ ದಾರ ಕಟ್ಟಿದ ಒಂದು ಕೋಳಿ, ಇಷ್ಟೇ ನಮ್ಮ ಸಂಸಾರ.

ಬೆಳಗ್ಗೆ ಎದ್ದ ಕೂಡಲೇ ತಳದಲ್ಲಿ ಜಿನುಗಿ ನಿಂತ ನೀರನ್ನು ತಗಡಿನ ಡಬ್ಬದಲ್ಲಿ ಮೊಗೆದು ಹೊರಗೆ ಚೆಲ್ಲುವುದು ನನ್ನ ಪಾಲಿನ ಕೆಲಸ. ಮೈಗಳ್ಳತನ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಚಾಪೆ ಒದ್ದೆ, ಬೆನ್ನಿಗೆ ಅಮ್ಮನ ಗುದ್ದು. ಅಮ್ಮ ಮರಳು ತುಂಬಿದ ತಗಡಿನ ಪೆಟ್ಟಿಗೆಯ ಮೇಲೆ ಒಲೆ ಹೂಡಿದ್ದಳು. ಗಾಳಿ ತಿರುಗಿದ ಹಾಗೆಲ್ಲ ಹೊಗೆ ತಿರುಗಿ ಕಣ್ಣಿಗೆ ಬರುತ್ತಿತ್ತು, ಅವಳು ಗಾಳಿಗೇ ಬೈಯುತ್ತಾ ರೊಟ್ಟಿ ತಟ್ಟುತ್ತಿದ್ದಳು. ಹಾಯಿಯ ಉಸ್ತುವಾರಿ ಅಕ್ಕನದು. ಗೋಣಿಚೀಲ ಹೊಲಿಯುವ ದಬ್ಬಳ ಹಿಡಿದು ಹರಿದಲ್ಲೆಲ್ಲ ತೇಪೆ ಹಾಕುತ್ತಿದ್ದಳು. ಟಾರ್ಪಾಲು, ಗೋಣಿ, ಅಮ್ಮನ ಹಳೇ ಸೀರೆ ಎಲ್ಲವೂ ಆ ಹಾಯಿಯಲ್ಲಿದ್ದವು. ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆ ಎಳೆದು ಸಂದುಗಳಿಗೆ ಡಾಂಬರು ಬಳಿಯುತ್ತಿದ್ದೆವು. ಆಮೇಲೆ ವಾರಗಟ್ಟಲೆ ಅನ್ನಕ್ಕೂ ಡಾಂಬರಿನ ವಾಸನೆ.

ಇನ್ನು ಸುಖ ಕೇಳುತ್ತೀರಾ? ಗಾಳಿ ಬಂದು ಹಾಯಿ ಉಬ್ಬಿತೆಂದರೆ ಹುಟ್ಟು ಹಾಕುವ ಕೆಲಸಕ್ಕೆ ರಜ. ಅಪ್ಪ ಬೀಡಿ ಹಚ್ಚುತ್ತಿದ್ದ. ನಾನು ಬೋರಲು ಮಲಗಿ ನೀರಿಗೆ ಕೈ ಇಳಿಬಿಟ್ಟರೆ ಬೆರಳ ಸಂದಿಯಲ್ಲಿ ಇಡೀ ಭದ್ರೆ ಹರಿದುಹೋಗುತ್ತಿತ್ತು. ಲಂಗರು ಹಾಕಿದ ಕಡೆ ಹಿಡಿದ ಮೀನು ಅಲ್ಲೇ ಸಾರಾಗುತ್ತಿತ್ತು. ಅಯ್ಯೋ, ಆ ಸಾರಿನ ರುಚಿಯನ್ನು ನಿಮಗೆ ಹೇಗೆ ಹೇಳಲಿ!

ಆದರೆ ದೋಣಿಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎಲ್ಲರೂ ಒಂದೇ ಕಡೆ ಕೂರಬಾರದು. ಈ ಕಡೆ ಭಾರ ಬಿತ್ತೆಂದರೆ ಯಾರಾದರೂ ಎದ್ದು ಆ ಕಡೆ ಹೋಗಬೇಕು. ಯಾರೂ ಹೇಳಬೇಕಾಗಿರಲಿಲ್ಲ. ನಿದ್ದೆಗಣ್ಣಿನಲ್ಲೂ ನಾವು ಹಾಗೆ ಸರಿಯುತ್ತಿದ್ದೆವು.

ಒಂದು ಸಲ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಅಕ್ಕನಿಗೆ ಒಂದು ಸಂಬಂಧ ತಂದರು. ಹುಡುಗನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ಅತ್ತೆ ದಡದಲ್ಲೇ ನಿಂತು, ದೋಣಿಗೆ ಕಾಲಿಡದೆ, ಅಪ್ಪನಿಗೆ ಹೇಳಿದರು: "ಹೆಣ್ಣು ನೋಡೋಕೆ ನಮ್ಮನೇಗೇ ಬರ್ತಾರೆ. ಅದೇ ನಿಮ್ಮನೆ ಅಂತ ಹೇಳಿದೀನಿ. ದೋಣಿ ಮಾತು ಮಾತ್ರ ಎತ್ತಬೇಡ ಮಾರಾಯ. ನೀರಿನ ಮೇಲೆ ಇರೋರ ಮನೆ ಹೆಣ್ಣನ್ನ ಯಾರು ತಂದ್ಕೋತಾರೆ?"

ಅಪ್ಪ ಆರಿದ ಬೀಡಿಯನ್ನು ನೀರಿಗೆ ಎಸೆದ. ಆಮೇಲೆ, "ಇವಳಿಗೆ ಒಳ್ಳೇ ಕಡೆ ಆಗೋದಾದ್ರೆ ದೋಣೀನೇ ಮಾರಿಬಿಡ್ತೀನಿ, ಬಿಡು" ಎಂದ. ತೇಪೆ ಹಾಕುತ್ತಿದ್ದ ಅಕ್ಕನ ಕೈ ನಿಂತಿತು. ದೋಣಿ ಮಾರುವುದೆಂದರೆ ಏನು? ಇನ್ನೊಂದು ಸಲ ಊರು ಮುಳುಗಿದ ಹಾಗಲ್ಲವೇ?

ಹೆಣ್ಣು ನೋಡುವ ದಿನ ಬೆಳಗ್ಗೆ ಬಸ್ಸು ಹತ್ತಿ ಹೊಸಮನೆಗೆ ಹೋದೆವು. ಅತ್ತೆಯ ಮನೆಯ ನೆಲ ಒಂಚೂರೂ ಅಲುಗುತ್ತಿರಲಿಲ್ಲ. ಅಕ್ಕನಿಗೆ ಅತ್ತೆಯ ಸೀರೆ, ಅತ್ತೆಯ ಸರ, ಅತ್ತೆಯ ಬಳೆ. ಒಳಗೆ ಕೇಸರಿಬಾತಿನ ಘಮಘಮ. ಹುಡುಗನ ಕಡೆಯವರು ಬಂದರು. ಹುಡುಗ, ಅವನ ಅಪ್ಪ, ತಾಯಿ, ಇಬ್ಬರು ದೊಡ್ಡಪ್ಪಂದಿರು. ಗೋಡೆಗೆ ಒರಗಿ ಜಮಖಾನದ ಮೇಲೆ ಸಾಲಾಗಿ ಕೂತರು. ಅದೇ ಸಾಲಿನ ತುದಿಯಲ್ಲಿ ಅಪ್ಪ, ಅಮ್ಮ, ನಾನು. ಕೊನೆಗೆ ದಪ್ಪನೆಯ ದೊಡ್ಡಪ್ಪ ಒಬ್ಬರು ಉಸ್ಸಪ್ಪಾ ಎಂದು ಧೊಪ್ಪನೆ ಕೂತರು ನೋಡಿ, ಅಪ್ಪ, ಅಮ್ಮ, ನಾನು ಮೂವರೂ ಒಟ್ಟಿಗೆ ಎದ್ದು ಎದುರಿನ ಗೋಡೆಯ ಪಕ್ಕ ಹೋಗಿ ಕೂತುಬಿಟ್ಟೆವು!

ಹುಡುಗನ ತಾಯಿಯ ಮುಖ ಗಂಟಾಯಿತು. "ಯಾಕೆ ಎದ್ದು ಆ ಕಡೆ ಹೋದ್ರಿ? ನಾವೇನು ಕಚ್ತೀವಾ?"

ಅತ್ತೆ ಓಡಿಬಂದು, "ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ಅದಕ್ಕೇ" ಎಂದರು. ಆ ಗೋಡೆಗೆ ಒಂದು ಕಿಟಕಿಯೂ ಇರಲಿಲ್ಲ.

ಅಷ್ಟರಲ್ಲಿ ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತಳು. ಆ ಕಡೆ ಅವರು, ಈ ಕಡೆ ನಾವು. ಅವಳಿಗೆ ನಗು ತಡೆಯಲಾಗಲಿಲ್ಲ. ತಟ್ಟೆ ಕೆಳಗಿಟ್ಟು ನೇರವಾಗಿ ಹೇಳಿದಳು: "ಇದು ನಮ್ಮನೆ ಅಲ್ಲ, ಅತ್ತೆ ಮನೆ. ನಾವಿರೋದು ದೋಣೀಲಿ. ಎಲ್ರೂ ಒಂದೇ ಕಡೆ ಕೂತ್ರೆ ವಾಲುತ್ತೆ. ಅದೇ ಅಭ್ಯಾಸದಲ್ಲಿ ಎದ್ರು."

ಅತ್ತೆ ತಲೆಯ ಮೇಲೆ ಕೈ ಹೊತ್ತರು. ಹುಡುಗನ ತಾಯಿ ಅಪ್ಪನ ಕಡೆ ತಿರುಗಿ, "ನೋಡಿ, ಹುಡುಗಿ ಲಕ್ಷಣವಾಗಿದಾಳೆ, ಬೇಡ ಅನ್ನಲ್ಲ. ಆದ್ರೆ ಮೊದ್ಲು ಆ ದೋಣಿ ಮಾರಿ, ಎಲ್ಲಾದ್ರೂ ಒಂದು ಮನೆ ಮಾಡಿ. ನಾಲ್ಕು ಜನದ ಮುಂದೆ ನಮ್ಗೆ ತಲೆ ತಗ್ಗಿಸೋ ಹಾಗಾಗ್ಬಾರ್ದು" ಎಂದರು.

ಅಪ್ಪ ಹೂಂ ಎನ್ನಲು ಬಾಯಿ ತೆರೆದಿದ್ದ. ನಾನು ನೋಡಿದೆ.

"ಮಾರಲ್ಲ" ಎಂದಳು ಅಕ್ಕ. "ನೀರು ನಮ್ಮನೆ ತಗೊಂಡಾಗ್ಲೇ ನಮ್ಮಪ್ಪ ತಲೆ ತಗ್ಗಿಸ್ಲಿಲ್ಲ. ನನ್ನ ಮದುವೆಗೋಸ್ಕರ ಯಾಕೆ ತಗ್ಗಿಸ್ಬೇಕು? ಬೇಕಾದ್ರೆ ನಿಮ್ಮ ಹುಡುಗನ್ನೇ ದೋಣಿಗೆ ಕಳ್ಸಿ, ಈಜು ಕಲಿಸ್ತೀನಿ."

ಹುಡುಗ ಕಿಸಕ್ಕನೆ ನಕ್ಕು, ತಾಯಿ ನೋಡಿದ ತಕ್ಷಣ ಸುಮ್ಮನಾದ. ಎಲ್ಲರೂ ಎದ್ದು ಹೋದರು. ಕೇಸರಿಬಾತು ಮುಟ್ಟಲೇ ಇಲ್ಲ. ಅತ್ತೆ ಅಳುತ್ತಾ, ಬೈಯುತ್ತಾ, ಅದನ್ನು ಡಬ್ಬಿಗೆ ತುಂಬಿ ನಮಗೇ ಕೊಟ್ಟರು.

ಬಸ್ಸಿನಲ್ಲಿ ವಾಪಸು ಬಂದೆವು. ದೋಣಿ ಹತ್ತಿದೆವು. ಸಂಜೆಯ ಗಾಳಿ ಎದ್ದಿತ್ತು. ಅಪ್ಪ ಹಾಯಿ ಬಿಚ್ಚಿದ, ಆಮೇಲೆ ತಾನು ಯಾವಾಗಲೂ ಕೂರುವ ಚುಕ್ಕಾಣಿಯ ಜಾಗ ಬಿಟ್ಟು, "ಇನ್ಮೇಲೆ ನೀನೇ ಹಿಡಿಯೇ" ಎಂದು ಅಕ್ಕನಿಗೆ ಹೇಳಿದ. ಅವನ ಕಣ್ಣು ತುಂಬಿತ್ತು. ನಾವು ಕೇಸರಿಬಾತು ತಿಂದೆವು.

ಅಕ್ಕನಿಗೆ ಮದುವೆ ಆಯಿತಾ ಎಂದು ಕೇಳುತ್ತೀರಿ, ಗೊತ್ತು. ಆಯಿತು. ಆಮೇಲೊಬ್ಬ ದೋಣಿಗೇ ಬಂದು ಹೆಣ್ಣು ನೋಡಿದ. ದೋಣಿ ವಾಲಿದಾಗ ಯಾರೂ ಹೇಳದೆ ಎದ್ದು ಆ ಕಡೆ ಕೂತ. ಅಕ್ಕ ಅಲ್ಲೇ ಒಪ್ಪಿಕೊಂಡಳು.

ಈಗ ನೀವು ವಿದ್ಯಾನಗರದಲ್ಲಿ ಮೂರನೇ ಮಹಡಿಯಲ್ಲಿದ್ದೀರಿ. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಗಾಳಿ. ಬೆಳಗ್ಗೆ ಎದ್ದು ನೀವು ಏನನ್ನೂ ಮೊಗೆದು ಚೆಲ್ಲಬೇಕಾಗಿಲ್ಲ. ನಿಮ್ಮ ನೆಲ ಅಲುಗುವುದೇ ಇಲ್ಲ ಎಂದುಕೊಂಡಿದ್ದೀರಿ. ಹೋದ ಭಾನುವಾರ ಕೆಳಗೆ ಮೀಟಿಂಗ್ ನಡೆಯಿತಲ್ಲ, ಇನ್ನು ಮುಂದೆ ಮಕ್ಕಳು ಕೆಳಗೆ ಸೈಕಲ್ ಹೊಡೆಯಬಾರದು, ಚೆಂಡು ಆಡಬಾರದು ಎಂದು? ದೊಡ್ಡವರೆಲ್ಲ ಒಂದೇ ಸಾಲಿನಲ್ಲಿ ಕೂತು ಕೈ ಎತ್ತಿದರು. ನಿಮ್ಮಪ್ಪನೂ ಎತ್ತಿದ. ಎದುರಿನ ಗೋಡೆಯ ಪಕ್ಕ ನೀವು ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತಿದ್ದಿರಿ. ಮಂಡಿ ನೋಯುತ್ತಿದ್ದರೂ ನಾನು ಎದ್ದೆ, ನನ್ನ ಕುರ್ಚಿ ಎಳೆದುಕೊಂಡು ನಿಮ್ಮ ಕಡೆ ಬಂದು ಕೂತೆ. ಮುದುಕನಿಗೆ ಅರಳು ಮರಳು ಎಂದು ಯಾರೋ ಅಂದರು. ಅನ್ನಲಿ.

"ಯಾಕಪ್ಪಾ ಎದ್ದು ಆ ಕಡೆ ಹೋದ್ರಿ?" ಎಂದು ನಿಮ್ಮಪ್ಪ ಕೇಳಿದ.

"ವಾಲ್ತಾ ಇತ್ತು ಮಾರಾಯ" ಎಂದೆ.