ಮೂರು ಎಣಿಸಿ ಹೊರಬಂದವನು

ಆ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡಪ್ಪ ಅಂದರೆ ಎಲ್ಲರಿಗೂ ಗೊತ್ತು. ರಾಕೆಟ್ಟಿನ ಹಾರಾಟ ನೋಡಿಕೊಳ್ಳುವ ಸಾಫ್ಟ್‌ವೇರಿಗೆ ಇಪ್ಪತ್ತು ವರ್ಷದ ಹಿಂದೆ ಚೌಕಟ್ಟು ಕಟ್ಟಿದವರು ಅವರೇ. ಹನ್ನೊಂದು ರಾಕೆಟ್ಟು ಅದನ್ನು ನಂಬಿ ಹಾರಿದವು, ಒಂದೂ ದಾರಿ ತಪ್ಪಲಿಲ್ಲ.

ಆಗ ಅದಕ್ಕೆ ಇಡೀ ಕಂಪ್ಯೂಟರೇ ಸ್ವಂತ ಮನೆ. ಹೊಸ ಕಂಪ್ಯೂಟರು ಐದು ಪ್ರೋಗ್ರಾಮುಗಳು ಬಾಡಿಗೆಗಿರುವ ಮನೆ. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ನಲ್ಲಿ ಮಾತ್ರ, ಅಂದರೆ ಲೆಕ್ಕ ಮಾಡುವ ಪ್ರೊಸೆಸರ್, ಒಂದೇ. ಸರದಿ ಮುಗಿಯಿತೋ, ಕೊಡ ಅರ್ಧ ತುಂಬಿದ್ದರೂ ಪಕ್ಕಕ್ಕೆ ಸರಿಯಬೇಕು. ಒಂದು ಕೆಟ್ಟರೂ ಮಿಕ್ಕ ನಾಲ್ಕು ಬದುಕಲಿ ಎಂದು ಈ ಏರ್ಪಾಡು.

“ಸ್ವಂತ ಮನೇಲಿ ಬಾಳಿದೋನನ್ನ ಬಾಡಿಗೆ ಮನೆಗೆ ತಳ್ತಿದೀರಲ್ರೋ” ಎಂದು ಗೊಣಗುತ್ತಲೇ ದೊಡ್ಡಪ್ಪ ಎಂಟು ತಿಂಗಳು ಕೂತು ಹಳೆಯದನ್ನು ಹೊಸದಕ್ಕೆ ಒಗ್ಗಿಸಿದರು.

ಎಂಜಿನ್ ಪರೀಕ್ಷೆಯ ಅಂಗಳದಲ್ಲಿ ಫಿಟ್ಟರಾಗಿದ್ದವನು ಅವರ ಹೆಂಡತಿಯ ತಮ್ಮ. ಒತ್ತಡ ಮಿತಿಮೀರಿದರೆ ಗಂಟೆ ಹೊಡೆಯುತ್ತದೆ, ಎರಡು ಸೆಕೆಂಡಿನಲ್ಲಿ ದೊಡ್ಡಪ್ಪನ ಅದೇ ಸಾಫ್ಟ್‌ವೇರು ಇಂಧನದ ವಾಲ್ವ್ ಮುಚ್ಚುತ್ತದೆ. ಹಸಿರು ದೀಪ ಹತ್ತುವವರೆಗೆ ಗೋಡೆಯ ಮರೆ ಬಿಡಬಾರದೆಂಬುದು ನಿಯಮ. ಇವನು ಮಾತ್ರ ಮೂರು ಎಣಿಸಿ ಸ್ಪ್ಯಾನರ್ ಹಿಡಿದು ಹೊರಟುಬಿಡುವನು. ಕೇಳಿದರೆ, “ಎರಡು ಅನ್ನೋದ್ರೊಳಗೆ ನಮ್ಮ ಭಾವ ಮುಚ್ಚಿರ್ತಾರೆ. ಮೂರನೇದು ಅಕ್ಕನ ಸಮಾಧಾನಕ್ಕೆ” ಎಂದು ನಗುವನು. ಜೊತೆಯವರೂ ನಗುತ್ತಿದ್ದರು, ತಡೆದವರಿಲ್ಲ.

ಹೊಸ ಕಂಪ್ಯೂಟರಿನ ಮೊದಲ ಪರೀಕ್ಷೆಯ ದಿನ ಗಂಟೆ ಹೊಡೆಯಿತು. ಮೂರು ಎಣಿಸಿದ, ಹೊರಬಂದ. ಕೊಳವೆ ಅವನ ಮುಖದೆದುರೇ ಸಿಡಿಯಿತು. ಎರಡು ಕಣ್ಣೂ ಹೋದವು.

ವಿಚಾರಣೆಯವರು ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರು. ಎರಡೇ ಸೆಕೆಂಡಿಗೆ ವಾಲ್ವ್ ಮುಚ್ಚಿದೆ ಎಂದಿತ್ತು. ಅಲ್ಲಿಗೆ ಗೂಬೆಯನ್ನು ಫಿಟ್ಟರನ ತಲೆಯ ಮೇಲೆ ಕೂರಿಸಿದರು: ವಾಲ್ವ್ ಮುಚ್ಚುವ ಮೊದಲೇ ಆತುರಪಟ್ಟ, ಅನುಭವಿಸಿದ.

ಅಂಗಳದ ಕ್ಯಾಮೆರಾ ಚಿತ್ರವನ್ನು ಸೆಕೆಂಡು ಲೆಕ್ಕ ಹಾಕಿ ಯಾರೂ ನೋಡಿರಲಿಲ್ಲ. ದೊಡ್ಡಪ್ಪ ನೋಡಿದರು. ಗಂಟೆ ಹೊಡೆದ ಏಳನೆಯ ಸೆಕೆಂಡಿಗೆ ಕೊಳವೆ ಸಿಡಿದಿತ್ತು. ಇಂಧನ ನಿಂತದ್ದು ಹತ್ತನೆಯದಕ್ಕೆ.

ಅವರ ಚೌಕಟ್ಟು ಗೋಡೆಯ ಗಡಿಯಾರ ನೋಡಿದ್ದೇ ಇಲ್ಲ. ತನ್ನ ಸರದಿಗಳನ್ನೇ ಎಣಿಸಿ ಇಷ್ಟು ಹೊತ್ತಾಯಿತು ಅನ್ನುತ್ತಿತ್ತು. ಈಗ ಐದರಲ್ಲಿ ಒಂದು ಸರದಿ ಮಾತ್ರ ಅದರದು. ಮಿಕ್ಕ ನಾಲ್ಕರ ಹೊತ್ತು ಅದರ ಲೆಕ್ಕಕ್ಕೇ ಬರಲಿಲ್ಲ; ಅದರ ಎರಡು ಸೆಕೆಂಡು ಹೊರಗೆ ಹತ್ತಾಯಿತು. ಮೇಜಿನ ಮೇಲೆ ಒಂಟಿಯಾಗಿ ಓಡಿಸಿ ಪರೀಕ್ಷಿಸಿದ್ದರಿಂದ ಈ ತಪ್ಪು ಅಲ್ಲಿ ಸಿಕ್ಕಿಬೀಳಲೂ ಇಲ್ಲ.

ಬಾಯಿಬಿಟ್ಟರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ತಪ್ಪು ಕುರುಡನ ತಲೆಗೇ. ಮರುದಿನ ಆಸ್ಪತ್ರೆಗೆ ಹೋದರು.

“ಯಾರು, ಭಾವನಾ? ಚಪ್ಪಲಿ ಎಳೆಯೋದರಲ್ಲೇ ಗೊತ್ತಾಗುತ್ತೆ.” ಅವನೇ ಮಾತು ತೆಗೆದ. “ನಾನು ಬೇಗ ಎಣಿಸಿಬಿಟ್ಟೆ ಅನ್ಸುತ್ತೆ, ಭಾವ. ಮಲಗಿದಲ್ಲೇ ಎಣಿಸಿ ಎಣಿಸಿ ನೋಡ್ತೀನಿ.”

“ನೀನು ಸರಿಯಾಗೇ ಎಣಿಸಿದೀಯ ಕಣೋ. ವಾಲ್ವ್ ಮುಚ್ಚೋಕೆ ಹತ್ತು ಸೆಕೆಂಡ್ ತಗೊಂಡಿದೆ. ತಪ್ಪು ನಂದು.”

ಹಾಸಿಗೆಯ ಮೇಲೆ ಎಣಿಸುತ್ತಿದ್ದ ಅವನ ಬೆರಳುಗಳು ನಿಂತವು.

“ಯಾವಾಗ ಗೊತ್ತಾಯ್ತು?”

“ನಿನ್ನೆ ಮಧ್ಯಾಹ್ನ.”

“ನಿನ್ನೆ ಸಂಜೆ ಬಂದಿದ್ರಲ್ಲ. ಕಿತ್ತಳೆ ಸುಲಿದು ಕೊಟ್ರಿ.”

ದೊಡ್ಡಪ್ಪ ಮಂಚದ ಪಕ್ಕದ ನಿನ್ನೆಯ ಸಿಪ್ಪೆಗಳನ್ನು ಗುಡ್ಡೆ ಮಾಡಿದರು.

“ಆಫೀಸಿಗೆ ಬರೆದು ಕೊಡಿ,” ಅಂದ ಅವನು. “ಅಕ್ಕನಿಗೂ ನೀವೇ ಹೇಳಿ. ನನ್ನ ಬಾಯಿಂದ ಆಗಲ್ಲ.”

ಬರೆದು ಕೊಟ್ಟರು. ಫಿಟ್ಟರನ ಮೇಲಿನ ಮಾತನ್ನು ವರದಿಯಿಂದ ಹೊಡೆದು ಹಾಕಿದರು. ದೊಡ್ಡಪ್ಪನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಹೆಂಡತಿ ಕೇಳಿಸಿಕೊಂಡು ತಮ್ಮನ ಮನೆಗೆ ಹೊರಟಳು, ಅಲ್ಲೇ ಉಳಿದಳು.

ಭಾನುವಾರ ಭಾನುವಾರ ಅವರು ಅಲ್ಲಿಗೆ ಹೋಗುತ್ತಾರೆ. ಬಾಗಿಲು ತೆರೆಯುತ್ತದೆ, ಕೂರಲು ಕುರ್ಚಿ ಬರುತ್ತದೆ. ಚಪ್ಪಲಿ ಸದ್ದಿಗೆ ಒಳಗೆ ರೇಡಿಯೋದ ದನಿ ಏರುತ್ತದೆ. ಬರಬೇಡಿ ಎಂದು ಅವನು ಹೇಳಿಲ್ಲ; ಬನ್ನಿ ಎಂದೂ ಹೇಳಿಲ್ಲ.