ಕಣ್ಣು ಮೊದಲು ಎಲ್ಲಿಗೆ ಹೋಯ್ತು?

ಮೇಘನಾ, ಪ್ರಣವ,

ಕೆಳಗಿನ ಮನೆಯ ಎಕ್ಸ್‌ರೇ ಮೇಡಂ ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಅಂಗಳದಲ್ಲಿ ಕಾಳು ಕಂಡ ಕೋಳಿಯ ಹಾಗೆ ತಲೆಯನ್ನು ಎಡಕ್ಕೆ ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತಿದ್ದರು. ನೀವಿಬ್ಬರೂ ಮೆಟ್ಟಿಲ ಮೇಲೆ ನಿಂತು ಅದನ್ನು ಅಣಕಿಸಿ ನಗುತ್ತಿದ್ದಿರಿ. ನಾನು ಗದರುತ್ತಿರಲಿಲ್ಲ. ಗದರಿದರೆ ಯಾಕೆ ಅಂತ ಕೇಳುತ್ತಿದ್ದಿರಿ, ಅದಕ್ಕೆ ಉತ್ತರ ಹೇಳುವ ಹಾಗಿರಲಿಲ್ಲ. ಈಗ ಅವರಿಲ್ಲ. ನನ್ನ ಕೈಯೂ ಸೋತಿದೆ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಹಿಡಿದುಕೊಳ್ಳುತ್ತದೆ. ಮೇಘನಾಳ ಹೋದ ವರ್ಷದ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ದಿನಕ್ಕಿಷ್ಟು ಅಂತ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ಹಳ್ಳಿ ಬಿಟ್ಟು ತ್ಯಾಗರಾಜನಗರದ ಈ ಮೇಲಿನ ಮನೆಗೆ, ನಿಮ್ಮ ಅಮ್ಮನ ಹತ್ತಿರ ಬಂದೆ. ಮನೆ ಮೇಡಂ ಅವರದು. ಅವರು ಮದುವೆಯಾದವರಲ್ಲ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಎಕ್ಸ್‌ರೇ ತೆಗೆದು ನಿವೃತ್ತರಾಗಿದ್ದರು. ಕೆಲಸ ಬಿಟ್ಟ ಮೇಲೆ ಫೋಟೊ ತೆಗೆಯುವ ಹುಚ್ಚು ಹತ್ತಿ, ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದರು. ಜಯನಗರ, ಬನಶಂಕರಿ, ಗೊಟ್ಟಿಗೆರೆ, ಬಿಟಿಎಂ, ಹೀಗೆ ಸುತ್ತಮುತ್ತಲಿನ ಎಪ್ಪತ್ತು ಎಂಬತ್ತು ಜನ ಅದರಲ್ಲಿದ್ದರು. ಯಾರೂ ಫೋಟೊ ತೆಗೆದು ಬದುಕುವವರಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ಟೈಲರ್ ಅಂಗಡಿಯವರು, ಪಿಜಿಯಲ್ಲಿರುವ ಹುಡುಗಿಯರು. ಬೆಳಿಗ್ಗೆ ಎದ್ದು ಕಂಡದ್ದನ್ನು ಫೋನಿನಲ್ಲಿ ಹಿಡಿದು ಹಾಕುತ್ತಿದ್ದರು.

ಆ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಹೆಬ್ಬೆರಳು ತೋರಿಸಿ ಸುಮ್ಮನಾಗುವ ಹಾಗಿಲ್ಲ, ಬರೀ ಸೂಪರ್ ಅನ್ನುವ ಹಾಗಿಲ್ಲ. ಚಿತ್ರ ನೋಡಿದಾಗ ಕಣ್ಣು ಮೊದಲು ಎಲ್ಲಿಗೆ ಹೋಯಿತು ಅನ್ನುವುದನ್ನು ಹೇಳಬೇಕು. ಆಮೇಲೆ ಒಂದು ಒಳ್ಳೆಯದು, ಒಂದು ತಿದ್ದುವುದು. ಎಲ್ಲರೂ ಹೇಳಿದ ಮೇಲೆ ಮೇಡಂ ತಮ್ಮ ಧ್ವನಿಯಲ್ಲೇ ಒಂದು ಮಾತು ಕಳಿಸುತ್ತಿದ್ದರು. ಜನ ಕಾಯುತ್ತಿದ್ದದ್ದು ಅದಕ್ಕೆ.

ನಾನು ಮೊದಲ ಸಲ ಕೆಳಗೆ ಹೋದದ್ದು ಊರಿನಿಂದ ಬಂದ ಅವರೆಕಾಯಿ ಕೊಡಲಿಕ್ಕೆ. ಹೊಸಿಲಲ್ಲೇ ಕೊಟ್ಟು ಓಡಿಬರೋಣ ಅಂದುಕೊಂಡಿದ್ದೆ. ಅವರು ಫೋನನ್ನು ನನ್ನ ಕಡೆ ಹಿಡಿದು, "ಈ ಫೋಟೊದಲ್ಲಿ ಏನಿದೆ ಹೇಳಿ ನೋಡೋಣ" ಅಂದರು.

ಹಳ್ಳಿಯವಳು, ಏಳನೇ ಕ್ಲಾಸಿನವಳು ಅಂತ ಪರೀಕ್ಷೆ ಮಾಡುತ್ತಿದ್ದಾರೆ ಅನಿಸಿ ಮುಖ ಬಿಸಿಯಾಯಿತು.

"ಬೆಕ್ಕು ಐತೆ" ಅಂದೆ.

"ಬರೀ ಬೆಕ್ಕಾ?"

"ಕಿಟಕಿ ಮೇಲೆ ಕೂತೈತೆ. ಒಂದು ಕಿವಿ ಹರಿದೈತೆ. ಯಾರ ಮನೇಲೋ ಹಾಲಿಗೆ ಬಾಯಿ ಹಾಕಿ ಬಂದಂಗೈತೆ ಮೇಡಂ, ಮೂತಿ ಇನ್ನೂ ಒದ್ದೆ."

ಅವರು ಬಾಯಿ ತುಂಬ ನಕ್ಕರು. ಆ ಚಿತ್ರ ಹಾಕಿದವರಿಗೆ ಅಲ್ಲೇ ಧ್ವನಿ ಕಳಿಸಿದರು. "ನನ್ನ ಕಣ್ಣು ಮೊದಲು ಆ ಒದ್ದೆ ಮೂತಿಗೆ ಹೋಯ್ತು ಕಣ್ರೀ! ಕಿಟಕಿ ಸರಳು ಸ್ವಲ್ಪ ಕಡಿಮೆ ಬರಲಿ, ಮುಂದಿನ ಸಲ." ಆಮೇಲೆ ನನಗೆ, "ನಾಳೆನೂ ಬನ್ನಿ" ಅಂದರು.

ಮೂರನೆಯ ದಿನ ನನಗೆ ಕಾಫಿ ಬಗ್ಗಿಸುವಾಗ ಅವರು ತೋರುಬೆರಳನ್ನು ಲೋಟದೊಳಗೆ ಇಳಿಬಿಟ್ಟದ್ದು ನೋಡಿದೆ. ಕಾಫಿ ಎಷ್ಟು ತುಂಬಿತು ಅನ್ನುವುದು ಅವರ ಬೆರಳಿಗೆ ಗೊತ್ತಾಗುತ್ತಿತ್ತು. ಬಿಸಿಗೆ ಬೆರಳು ಎಳೆದುಕೊಂಡು ಸೆರಗಿಗೆ ಒರೆಸಿದರು. ನಾನು ಲೋಟ ತೆಗೆದುಕೊಳ್ಳಲು ತಡಮಾಡಿದ್ದರಿಂದಲೇ ಅವರಿಗೆ ತಿಳಿಯಿತು.

"ಕಣ್ಣಿನ ನಡುಭಾಗ ಸವೆದುಹೋಗಿದೆ. ಅಂಚಲ್ಲಿ ಒಂಚೂರು ಕಾಣುತ್ತೆ. ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ಗುಂಪಿನವರಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಅಂದಿನಿಂದ ಎರಡು ವರ್ಷ ಅದೇ ನನ್ನ ಕೆಲಸ. ನೀವು ಶಾಲೆಗೆ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ ಕೆಳಗಿಳಿಯುತ್ತಿದ್ದೆ. ಕಿಟಕಿಯ ಹತ್ತಿರ ಅವರ ಬೆತ್ತದ ಕುರ್ಚಿ, ಅದರ ಪಕ್ಕ ನೆಲದ ಮೇಲೆ ನಾನು. ಮೇಲೆ ಕೂರಿ ಅಂತ ಎಷ್ಟು ಹೇಳಿದರೂ ನನಗೆ ನೆಲವೇ ಸಲೀಸು. ಒಂದೊಂದು ಚಿತ್ರವನ್ನೂ ಬಾಯಲ್ಲಿ ಹೇಳುತ್ತಿದ್ದೆ. "ಚೆನ್ನಾಗೈತೆ" ಅಂದರೆ ರೇಗುತ್ತಿದ್ದರು. "ಚೆನ್ನಾಗಿದೆಯೋ ಇಲ್ವೋ ನಾನು ಹೇಳ್ತೀನಿ. ಕಂಡದ್ದನ್ನ ಹೇಳಿ." ಒಮ್ಮೆ ಆಕಾಶ ಯಾವ ಬಣ್ಣ ಅಂತ ಕೇಳಿದರು. ಬೂದು ಅಂದರೆ ಸಾಲದು ಅಂತ ಗೊತ್ತಿತ್ತು. "ಹೆಸರುಬೇಳೆ ತೊಳೆದ ನೀರಿನಂಗೆ" ಅಂದೆ. ಅವರು ಕಣ್ಣು ಮುಚ್ಚಿ ತಲೆ ಆಡಿಸಿದರು. ಬದುಕಿನಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ. ನಿಮ್ಮ ತಾತ ಒಳ್ಳೆಯವರೇ. ಆದರೆ ಅವರಿಗೂ ನಾನು ಹೇಳಬೇಕಾದದ್ದು ಊಟಕ್ಕೆ ಏಳಿ ಅನ್ನುವಷ್ಟೇ ಇತ್ತು.

ಸುಖದ ಕೆಲಸ ಅಂದುಕೊಳ್ಳಬೇಡಿ. ದಿನವೂ ದಾಸವಾಳ, ದಿನವೂ ಸೂರ್ಯ ಮುಳುಗುವುದು. ಲಾಲ್‌ಬಾಗಿನ ಒಂದೇ ಮರವನ್ನು ಹತ್ತು ಜನ ಹತ್ತು ಕಡೆಯಿಂದ ತೆಗೆದು ಹಾಕುತ್ತಿದ್ದರು. ಮಂಡಿ ಹಿಡಿದುಕೊಳ್ಳುತ್ತಿತ್ತು. ಎಷ್ಟೋ ದಿನ ಜ್ವರ ಅಂತ ಸುಳ್ಳು ಹೇಳಿ ಮಲಗೋಣ ಅನಿಸಿದ್ದುಂಟು. ಮೇಡಂ ಮೆತ್ತನೆಯವರೂ ಅಲ್ಲ. ಗುಂಪಿನಲ್ಲಿ ಯಾರದಾದರೂ ಚಿತ್ರ ಅಲುಗಾಡಿ ಮಸುಕಾಗಿದ್ದರೆ ಆಸ್ಪತ್ರೆಯ ಹಳೆಯ ಧ್ವನಿ ತೆಗೆಯುತ್ತಿದ್ದರು: "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಒತ್ತಿ, ಈಗ ಬಿಡಿ. ಎಕ್ಸ್‌ರೇಗೆ ನಿಲ್ಲೋ ಪೇಷೆಂಟು ನೀವಲ್ಲ, ನಿಮ್ಮ ಕೈ." ದೂರದಿಂದ ತೆಗೆದವರಿಗೆಲ್ಲ ಒಂದೇ ಮಾತು: "ಇನ್ನೆರಡು ಹೆಜ್ಜೆ ಹತ್ರ ಹೋಗಿ. ಏನೂ ಕಚ್ಚಲ್ಲ."

ನನ್ನಿಂದ ತಪ್ಪಾದದ್ದು ಒಂದು ಸೋಮವಾರ. ಆ ದಿನ ಚಿತ್ರ ಬಹಳ ಬಂದಿದ್ದವು. ಮೇಲಿನ ಮನೆಯಲ್ಲಿ ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ. ಬೇಗ ಮುಗಿಸೋಣ ಅಂತ ಚಿತ್ರಗಳನ್ನು ದೊಡ್ಡದು ಮಾಡಿಕೊಂಡು ಒಂದಾದ ಮೇಲೊಂದು ಬೆರಳಿನಿಂದ ಸರಿಸುತ್ತಾ ಹೋದೆ. ಹಾಗೆ ಮಾಡಿದಾಗ ಹಾಕಿದವರ ಬರಹ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿಯುತ್ತದೆ. ನನ್ನ ಹೆಬ್ಬೆರಳು ಅದರ ಮೇಲೇ ಇತ್ತು.

"ಪ್ಲಾಸ್ಟಿಕ್ ಕುರ್ಚಿ ಮೇಡಂ. ಖಾಲಿ. ಬಾಗಿಲ ಪಕ್ಕ ಐತೆ. ಬೆನ್ನಿನ ಮೇಲೆ ಒಂದು ಟವೆಲು. ಬಾಗಿಲಿಂದ ಬಿಸಿಲು ಬಿದ್ದೈತೆ. ಬಿಟಿಎಂ ಪಿಜಿ ಹುಡುಗಿ ಹಾಕಿರೋದು."

ಅಷ್ಟೇ ಹೇಳಿದೆ. ಮೇಡಂ ಧ್ವನಿ ಕಳಿಸಿದರು. "ಬೆಳಕು ಸೊಗಸಾಗಿ ಹಿಡಿದಿದ್ದೀಯ ಮರಿ. ಆದ್ರೆ ಕುರ್ಚಿ ಖಾಲಿ ನೋಡು. ಯಾರನ್ನಾದ್ರೂ ಕೂರಿಸಿ ತೆಗಿ, ಚಿತ್ರಕ್ಕೆ ಜೀವ ಬರುತ್ತೆ."

ಅರ್ಧ ಗಂಟೆಯ ಮೇಲೆ ಹುಡುಗಿ ಬರೆದಳು: "ಅಪ್ಪ ಹೋಗಿ ಇಪ್ಪತ್ತು ದಿನ ಆಯ್ತು ಮೇಡಂ. ಕೆಳಗೆ ಬರೆದಿದ್ದೆ." ಮರುಕ್ಷಣ ಗುಂಪು ಬಿಟ್ಟಳು. ಬ್ಯಾಂಕಿನಿಂದ ನಿವೃತ್ತರಾದ ಯಜಮಾನರೊಬ್ಬರು ಮಾತ್ರ, "ಮೇಡಂ, ನೀವು ಓದ್ಲಿಲ್ವಾ?" ಅಂತ ಕೇಳಿದರು.

ಅದನ್ನೆಲ್ಲ ಮೇಡಂಗೆ ಓದಿ ಹೇಳಿದೆ. ಮೇಡಂ ಬೈಯಲಿಲ್ಲ. "ಕೆಳಗೆ ಏನು ಬರೆದಿದ್ಲು, ಓದಿ" ಅಂದರು.

ಓದಿದೆ. "ಊರ ಮನೇಲಿ ಅಪ್ಪ ಕೂರ್ತಿದ್ದ ಜಾಗ. ಅಮ್ಮ ಕುರ್ಚಿ ತೆಗೆಯೋಕೆ ಬಿಡ್ತಿಲ್ಲ."

"ನಂದೇ ತಪ್ಪು ಮೇಡಂ. ನಿಮಗೆ ಕಣ್ಣು ಕಾಣ್ಸಲ್ಲ ಅಂತ ಹೇಳ್ಬಿಡಿ. ಆ ಮಗಳು ಕ್ಷಮಿಸ್ತಾಳೆ."

"ಹೇಳಿದ್ರೆ ನನಗೆ ಕ್ಷಮೆ ಸಿಗುತ್ತೆ. ಮಿಕ್ಕೋರಿಗೆ?" ಅಂದರು. "ಬ್ಯಾಂಕಿನವರು ಹೆಂಡ್ತಿ ಹೋದ ಮೇಲೆ ಒಂದು ವರ್ಷ ಮನೆಯಿಂದ ಆಚೆ ಬಂದಿರಲಿಲ್ಲ. ಮೊದಲನೇ ಫೋಟೊ ಹಾಕಿದಾಗ ನಾನು ಚೆನ್ನಾಗಿದೆ ಅಂದೆ ಅಂತ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದಾರೆ. ಈಗ ಕುರುಡಿ ಹೇಳಿದ್ದು ಅಂತ ಇಳಿಸಬೇಕಾ ಅವರು? ಇಷ್ಟು ದಿನ ನಾನು ಹೇಳಿದ ಒಂದೊಂದು ಒಳ್ಳೇ ಮಾತೂ ಸುಳ್ಳಾಗುತ್ತೆ ಕಣ್ರೀ."

ಆಮೇಲೆ, "ಆ ಹುಡುಗಿ ಪಿಜಿ ಎಲ್ಲಿ ಗೊತ್ತಾ?" ಅಂದರು.

ವಿಳಾಸ ಗೊತ್ತಿರಲಿಲ್ಲ. ಆದರೆ ಅವಳು ಹಿಂದೆ ತನ್ನ ಕಿಟಕಿಯಿಂದ ತೆಗೆದ ಚಿತ್ರವೊಂದನ್ನು ನಾನು ಬಾಯಾರೆ ಹೇಳಿದ್ದೆ: ಹಸಿರು ಬಾಗಿಲಿನ ಬೇಕರಿ, ಅದರ ಪಕ್ಕ ಗಣೇಶನ ಪುಟ್ಟ ಗುಡಿ, ಮೂಲೆಯಲ್ಲಿ ಅಡ್ಡರಸ್ತೆಯ ಫಲಕ. ಹೇಳಿದ್ದು ಮರೆಯುವುದಿಲ್ಲ. ಮಾರನೆಯ ಬೆಳಿಗ್ಗೆ ಆಟೊ ಹತ್ತಿದೆವು.

"ಎಲ್ಲಿಗಮ್ಮ?" ಅಂದ ಆಟೊದವನು.

"ಬಿಟಿಎಮ್ಮಲ್ಲಿ ಹಸಿರು ಬಾಗಿಲಿನ ಬೇಕರಿಗೆ" ಅಂದರು ಮೇಡಂ.

"ಅಲ್ಲಿ ಗಲ್ಲಿಗೊಂದು ಬೇಕರಿ ಐತೆ. ತ್ಯಾಗರಾಜನಗರದಲ್ಲಿ ಬನ್ನು ಸಿಗಲ್ವಾ ನಿಮಗೆ?"

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ.

ಮೂರು ಕಡೆ ತಿರುಗಿದ ಮೇಲೆ ಬೇಕರಿ ಸಿಕ್ಕಿತು. ಎದುರಿನ ಪಿಜಿಯ ಅಡುಗೆಯವಳು, ಈಚೆಗೆ ತಂದೆ ತೀರಿಕೊಂಡ ಹುಡುಗಿ ಅಂದ ಕೂಡಲೇ ಮೂರನೇ ಮಹಡಿ ತೋರಿಸಿದಳು. ಲಿಫ್ಟ್ ಇರಲಿಲ್ಲ. ಮೆಟ್ಟಿಲ ತುಂಬ ಚಪ್ಪಲಿಗಳು, ಒಣಗಲು ಹಾಕಿದ ಬಟ್ಟೆಗಳು. ಮೇಡಂ ನನ್ನ ಭುಜ ಹಿಡಿದು ಹತ್ತಿದರು. ಪ್ರತಿ ತಿರುವಿನಲ್ಲೂ ನಿಂತು, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹುಡುಗಿ ಬಾಗಿಲು ತೆರೆದಳು. ಒದ್ದೆ ಕೂದಲು, ಊದಿದ ಕಣ್ಣು. ಧ್ವನಿ ಕೇಳಿಯೇ ಗುರುತು ಹಿಡಿದಳು. "ನೀವ್ಯಾಕೆ ಇಷ್ಟು ದೂರ ಬಂದ್ರಿ ಮೇಡಂ? ಹೋಗ್ಲಿ ಬಿಡಿ" ಅಂದಳು. ಅದು ಕ್ಷಮಿಸಿದ ಧ್ವನಿ ಆಗಿರಲಿಲ್ಲ.

ಮೇಡಂ ಹಾಸಿಗೆಯ ಅಂಚಿನಲ್ಲಿ ಕೂತು, "ನಾನು ಆತುರದಲ್ಲಿ ಮಾತಾಡಿಬಿಟ್ಟೆ ಮರಿ. ತಪ್ಪು ನಂದು. ಆ ಚಿತ್ರ ಇನ್ನೊಂದು ಸಲ ಕೊಡು, ನೋಡ್ತೀನಿ" ಅಂದರು. ನನ್ನ ಹೆಸರನ್ನೇ ಎತ್ತಲಿಲ್ಲ.

ಹುಡುಗಿ ಚಿತ್ರ ತೆಗೆದು ಫೋನನ್ನು ಅವರ ಕೈಗಿಟ್ಟಳು. ಮೇಡಂ ತಲೆ ಓರೆ ಮಾಡಿ ಹಿಡಿದರು, ಬಹಳ ಹೊತ್ತು ಹಿಡಿದರು. ಅಷ್ಟರಲ್ಲಿ ಪರದೆ ತಾನಾಗಿ ಆರಿ ಕಪ್ಪಾಯಿತು. ಅವರಿಗೆ ಅದು ತಿಳಿಯಲಿಲ್ಲ. "ಬಾಗಿಲಿಂದ ಬಿಸಿಲು ಬಂದು ಟವೆಲ್ ಮೇಲೆ ಬಿದ್ದಿದೆ ನೋಡು" ಅಂದರು, ಕಪ್ಪು ಗಾಜಿನ ಮೇಲೆ ಬೆರಳಿಟ್ಟು.

ಹುಡುಗಿ ಫೋನನ್ನು ನೋಡಿದಳು, ಮೇಡಂ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

ಅವಳು ಹತ್ತಿರ ಬಂದು ನೆಲದ ಮೇಲೆ ಕೂತು ಫೋನಿಗೆ ಮೆಲ್ಲಗೆ ಬೆರಳು ತಾಗಿಸಿ ಬೆಳಕು ಮಾಡಿದಳು. "ಹೌದು ಮೇಡಂ, ಬಿಸಿಲು ಬಿದ್ದಿದೆ" ಅಂದಳು. "ಟವೆಲ್ ಅಂಚು ನೀಲಿ. ಅಪ್ಪ ಯಾವಾಗ್ಲೂ ಎಡಗಡೆಗೆ ಹಾಕೋರು. ಕುರ್ಚಿ ಕೈ ಒಂದು ಕಡೆ ಸೀಳಿದೆ, ಅಲ್ಲಿ ಅವರೇ ತಂತಿ ಸುತ್ತಿದ್ರು. ತಂತಿ ಹೊಳೀತಿದೆ." ಹೇಳುತ್ತಾ ಹೇಳುತ್ತಾ ಅಳತೊಡಗಿದಳು. ಮೇಡಂ ಗಾಳಿಯಲ್ಲಿ ಕೈ ಆಡಿಸಿ ಅವಳ ತಲೆ ಹುಡುಕಿ, ನೇವರಿಸಿದರು. "ಈಗ ನನ್ನ ಕಣ್ಣು ಆ ತಂತಿಗೆ ಹೋಯ್ತು ಮರಿ. ಯಾರನ್ನೂ ಕೂರಿಸಬೇಡ. ಅಲ್ಲಿ ಕೂತಿದ್ದಾರೆ."

ಇಳಿಯುವಾಗ ಎರಡನೇ ತಿರುವಿನಲ್ಲಿ ನಿಂತು, "ಅವಳಿಗೆ ಗೊತ್ತಾಯ್ತಾ?" ಅಂದರು.

"ಇಲ್ಲ ಮೇಡಂ" ಅಂದೆ.

"ಕಂಡದ್ದನ್ನ ಹೇಳಿ ಅಂತ ಎಷ್ಟು ಸಲ ಹೇಳಬೇಕ್ರೀ ನಿಮಗೆ?" ಅಂದರು. ಮತ್ತೆ ನನ್ನ ಭುಜ ಹಿಡಿದು ಇಳಿದರು. ಆ ಮಾತನ್ನು ಮುಂದೆಂದೂ ಎತ್ತಲಿಲ್ಲ.

ಹುಡುಗಿ ಗುಂಪಿಗೆ ವಾಪಸ್ ಬಂದಳು. ಅಂದಿನಿಂದ ತನ್ನ ಪ್ರತಿ ಚಿತ್ರದ ಕೆಳಗೂ, ಎಡಕ್ಕೇನಿದೆ, ಬಲಕ್ಕೇನಿದೆ, ಯಾವ ಬಣ್ಣ ಅಂತ ಉದ್ದವಾಗಿ ಬರೆಯತೊಡಗಿದಳು. ಚೆನ್ನಾಗಿದೆಯಲ್ಲ ಅಂತ ಉಳಿದವರೂ ಹಾಗೇ ಬರೆಯಲು ಶುರು ಮಾಡಿದರು. ಯಾಕೆ ಅಂತ ಯಾರಿಗೂ ತಿಳಿಯದು. ನನ್ನ ಕೆಲಸ ಅರ್ಧ ಹಗುರಾಯಿತು. ಓದಿದರೆ ಸಾಕಾಗುತ್ತಿತ್ತು. ಆದರೂ ಮೇಡಂ, "ಅವರು ಬರೆದಿದ್ದು ಆಯ್ತು, ನಿಮಗೆ ಏನು ಕಂಡಿತು?" ಅಂತ ಕೇಳದೆ ಬಿಡುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದರು. ನಾಲ್ಕನೆಯ ದಿನ ನೋಡಲು ಹೋದಾಗ ಕಿಟಕಿಯ ಆಚೆ ಏನಿದೆ ಅಂತ ಕೇಳಿದರು. ನೀರಿನ ತೊಟ್ಟಿ, ಎರಡು ಪಾರಿವಾಳ, ಒಂದಕ್ಕೆ ಒಂದು ಕಾಲಿನ ಬೆರಳಿಲ್ಲ ಅಂದೆ. "ಗುಂಪಿಗೆ ನಿಮ್ಮನ್ನೂ ಸೇರಿಸಿ, ಒಂದು ಫೋಟೊ ಹಾಕಿ ಅಂದ್ರೆ ಹಾಕ್ಲೇ ಇಲ್ಲ" ಅಂದರು. ನಾಚಿಕೆಯಾಗುತ್ತೆ ಮೇಡಂ ಅಂದೆ. "ಎರಡು ಹೆಜ್ಜೆ" ಅಂದರು. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು.

ಅವರ ತಮ್ಮನ ಮನೆಯವರು ಬಂದು ಸಾಮಾನು ಸಾಗಿಸಿದರು. ಮನೆ ಗುಡಿಸಿ ಬೀಗದ ಕೈ ಕೊಡುವ ಕೆಲಸ ನನಗೆ ಬಂತು. ಬೆತ್ತದ ಕುರ್ಚಿ ಆಗಲೇ ಹೋಗಿತ್ತು. ಕೆಂಪು ನೆಲದ ಮೇಲೆ ಅದರ ಕಾಲುಗಳು ಸವೆಸಿದ ನಾಲ್ಕು ಬಿಳಿಚಿದ ಗುರುತುಗಳಿದ್ದವು. ನಿಮ್ಮ ಅಮ್ಮ ಕೊಡಿಸಿದ ಫೋನನ್ನು ತೆಗೆದೆ. ಎರಡು ಹೆಜ್ಜೆ ಮುಂದೆ ಹೋದೆ. ಉಸಿರು ಹಿಡಿದು ಒತ್ತಿದೆ.

ಗುಂಪಿಗೆ ನಾನು ಹಾಕಿದ ಒಂದೇ ಚಿತ್ರ ಅದು. ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಕೆಳಗೆ ಬರೆದೆ: "ಮೇಡಂ ಕುರ್ಚಿ ಇದ್ದ ಜಾಗ. ಕೆಂಪು ನೆಲ, ನಾಲ್ಕು ಗುರುತು. ಎಡಕ್ಕೆ ನಾನು ಕೂರುತ್ತಿದ್ದ ಜಾಗ. ಅಲ್ಲಿ ಗುರುತು ಏನೂ ಇಲ್ಲ."

ಬಹಳ ಜನ ಬರೆದರು. ಎಲ್ಲರ ಕಣ್ಣೂ ಮೊದಲು ಆ ನಾಲ್ಕು ಗುರುತುಗಳಿಗೆ ಹೋಗಿತ್ತು. ಕೊನೆಗೆ ಪಿಜಿ ಹುಡುಗಿ ಬರೆದಳು: "ನನ್ನ ಕಣ್ಣು ಮೊದಲು ಹೋಗಿದ್ದು ಎಡಗಡೆಗೆ, ಅಜ್ಜಿ."

ಮಕ್ಕಳೇ, ನನ್ನ ಬಳಿ ಹೇಳುವಂಥ ಮಾತುಗಳಿವೆ ಅಂತ ನನಗೆ ತೋರಿಸಿಕೊಟ್ಟವರು ಅವರು. ಇದನ್ನು ಬರೆಯುತ್ತಿರುವುದೂ ಅದರಿಂದಲೇ. ಗುಂಪು ಈಗಲೂ ನಡೆಯುತ್ತಿದೆ. ಬ್ಯಾಂಕಿನ ಯಜಮಾನರ ಗೋಡೆಯ ಮೇಲೆ ಆ ಚಿತ್ರ ಇನ್ನೂ ಇದೆ. ಅದು ಅಲ್ಲೇ ಇರಬೇಕು. ಅದಕ್ಕೇ ಈ ಹಾಳೆಗಳನ್ನು ಯಾರಿಗೂ ಕೊಡಬೇಡಿ, ಫೋನಿನಲ್ಲಿ ಹಿಡಿದು ಎಲ್ಲಿಗೂ ಕಳಿಸಬೇಡಿ. ರೇಷನ್ ಕಾರ್ಡ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ, ಬೀರುವಿನ ಮೇಲಿನ ಅರೆಯಲ್ಲಿ, ನೀರು ತಾಗದ ಹಾಗೆ ಇಟ್ಟುಕೊಂಡಿರಿ.